ಹದಿನೆಂಟರ ಹೊಸ್ತಿಲು: ಸಾಕುಮನೆಯಿಂದ ಕಾಲೇಜಿನವರೆಗೆ

ಅನಾಥ ಶಿಶುವಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದನ್ನು ಎಲ್ಲ ದೇಶಗಳ ಜನರೂ ಒಪ್ಪುತ್ತಾರೆ. ತೊಟ್ಟಿಲಿನಲ್ಲಿರುವ ಕೂಸನ್ನು ಕಂಡರೆ ಕಲ್ಲೆದೆಯೂ ಕರಗುತ್ತದೆ. ಆದರೆ ಅದೇ ಕೂಸು ಬೆಳೆದು, ಮೀಸೆ ಚಿಗುರುವ ವಯಸ್ಸಿಗೆ ಬಂದು, ಮುಂದೆ ಏನು ಓದಲಿ, ಯಾವ ಕಾಲೇಜಿಗೆ ಸೇರಲಿ, ಅರ್ಜಿಗೆ ಪೋಷಕರ ಸ್ಥಾನದಲ್ಲಿ ರುಜು ಹಾಕುವವರು ಯಾರು ಎಂದು ಕೇಳುವ ಹೊತ್ತಿಗೆ ಸಮಾಜದ ಕರುಣೆ ಬಹುಮಟ್ಟಿಗೆ ಬತ್ತಿರುತ್ತದೆ. ಬೆಳೆದ ಹುಡುಗ, ಇನ್ನು ತನ್ನ ದಾರಿಯನ್ನು ತಾನೇ ನೋಡಿಕೊಳ್ಳಲಿ ಎಂಬ ಮಾತು ಸಹಜವಾಗಿಯೇ ಬಾಯಿಗೆ ಬರುತ್ತದೆ. ತಂದೆತಾಯಿಯರಿರುವ ಮನೆಯ ಹದಿನೆಂಟರ ಮಗನಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲವೆಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಈ ಪ್ರಶ್ನೆಯನ್ನು ದೀರ್ಘಕಾಲ ಎದುರಿಸಿ, ಹಲವು ಬಾರಿ ಎಡವಿ, ಸ್ವಲ್ಪಸ್ವಲ್ಪವಾಗಿ ತಿದ್ದಿಕೊಂಡು ಬಂದ ದೇಶ ಅಮೆರಿಕ. ತಂದೆತಾಯಿಗಳು ತೀರಿಕೊಂಡ ಅಥವಾ ಮಕ್ಕಳನ್ನು ಸಲಹಲಾರದ ಸ್ಥಿತಿಗೆ ಬಂದ ಸಂದರ್ಭದಲ್ಲಿ ಅಲ್ಲಿನ ಸರಕಾರವು ನ್ಯಾಯಾಲಯದ ಆದೇಶದ ಮೂಲಕ ಮಗುವನ್ನು ಮತ್ತೊಂದು ಕುಟುಂಬದಲ್ಲಿ ಇರಿಸಿ, ಅದರ ಪಾಲನೆಗೆ ಹಣ ಕೊಡುತ್ತದೆ. ಇದಕ್ಕೆ ಪೋಷಕ ಆರೈಕೆಯೆಂದು ಹೆಸರು. ಇದು ದತ್ತುಸ್ವೀಕಾರವಲ್ಲ. ದತ್ತುಮಗನಿಗೆ ಮನೆಯ ಹೆಸರೂ ಹಕ್ಕೂ ದೊರೆಯುತ್ತವೆ. ಸಾಕುಮಗನಿಗೆ ದೊರೆಯುವುದು ಅವಧಿಯುಳ್ಳ ಆಶ್ರಯ. ಆ ಅವಧಿ ಎಂದು ಮುಗಿಯಬೇಕೆಂಬ ಒಂದೇ ಪ್ರಶ್ನೆಯ ಸುತ್ತ ಅಮೆರಿಕದಲ್ಲಿ ನಡೆದ ಚಿಂತನೆಯ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ರೈಲಿನಲ್ಲಿ ಹೊರಟ ಮಕ್ಕಳು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ಸಾವಿರಾರು ಮಕ್ಕಳು ಅಲೆಯುತ್ತಿದ್ದರು. ಯೂರೋಪಿನಿಂದ ವಲಸೆ ಬಂದ ಬಡ ಕುಟುಂಬಗಳು ರೋಗರುಜಿನ, ನಿರುದ್ಯೋಗ, ಮದ್ಯಪಾನಗಳಿಂದ ಒಡೆದುಹೋಗುತ್ತಿದ್ದ ಕಾಲವದು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಯುವ ಪಾದ್ರಿ 1853ರಲ್ಲಿ ಚಿಲ್ಡ್ರನ್ಸ್ ಏಯ್ಡ್ ಸೊಸೈಟಿಯನ್ನು ಸ್ಥಾಪಿಸಿದನು. ಅನಾಥಾಲಯದ ಗೋಡೆಗಳ ನಡುವೆ ಬೆಳೆಯುವುದಕ್ಕಿಂತ ಒಂದು ಕುಟುಂಬದ ಊಟದ ಮೇಜಿನ ಬಳಿ ಬೆಳೆಯುವುದೇ ಮಗುವಿಗೆ ಹಿತವೆಂಬುದು ಅವನ ನಿಶ್ಚಿತ ಅಭಿಪ್ರಾಯವಾಗಿದ್ದಿತು. 1854ರಲ್ಲಿ 40ಕ್ಕೂ ಹೆಚ್ಚು ಮಕ್ಕಳ ಮೊದಲ ತಂಡವನ್ನು ಮಿಷಿಗನ್ ರಾಜ್ಯದ ಡೊವಾಜ್ಯಾಕ್ ಎಂಬ ಸಣ್ಣ ಊರಿಗೆ ಕಳುಹಿಸಿ, ಅಲ್ಲಿನ ರೈತಕುಟುಂಬಗಳಲ್ಲಿ ಇರಿಸಲಾಯಿತು. ಮುಂದೆ 1929ರವರೆಗೆ ಬೇರೆಬೇರೆ ಸಂಸ್ಥೆಗಳು ಹೀಗೆ ಪಶ್ಚಿಮಕ್ಕೆ ಕಳುಹಿಸಿದ ಮಕ್ಕಳ ಸಂಖ್ಯೆ ಸುಮಾರು 2 ಲಕ್ಷವೆಂದು ಅಂದಾಜು. ಇತಿಹಾಸದಲ್ಲಿ ಇವು ಅನಾಥರ ರೈಲುಗಳೆಂದು ಪ್ರಸಿದ್ಧವಾಗಿವೆ.

ಈ ವ್ಯವಸ್ಥೆಯಲ್ಲಿ ದೋಷಗಳಿಲ್ಲದೆ ಇರಲಿಲ್ಲ. ರೈಲು ನಿಂತ ಊರುಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಜನರು ಆರಿಸಿಕೊಳ್ಳುತ್ತಿದ್ದರು. ತೋಳಿನ ಬಲ ನೋಡಿ ಹುಡುಗರನ್ನು ಒಯ್ದವರೂ ಇದ್ದರು. ಅಂಥವರಿಗೆ ಬೇಕಾಗಿದ್ದುದು ಮಗನಲ್ಲ, ಸಂಬಳವಿಲ್ಲದ ಆಳು. ಆ ಮಕ್ಕಳಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಕಳುಹಿಸಿದ ಮೇಲೆ ವಿಚಾರಿಸಿಕೊಳ್ಳುವ ಏರ್ಪಾಡು ದುರ್ಬಲವಾಗಿದ್ದಿತು. ಆದಾಗ್ಯೂ ಕೆಲವರ ಬಾಳು ಈ ರೈಲುಗಳಿಂದಲೇ ಬೆಳಗಿತೆಂಬುದೂ ಸತ್ಯ. ಅಂಥ ಇಬ್ಬರು ಹುಡುಗರ ವೃತ್ತಾಂತವು ಪ್ರಸ್ತುತ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ.

ಬ್ರೇಡಿ ಮತ್ತು ಬರ್ಕ್

1859ರಲ್ಲಿ ನ್ಯೂಯಾರ್ಕಿನಿಂದ ಇಂಡಿಯಾನಾ ರಾಜ್ಯದ ನೋಬಲ್ಸ್‌ವಿಲ್ ಎಂಬ ಊರಿಗೆ ಹೊರಟ ಒಂದೇ ರೈಲಿನಲ್ಲಿ ಜಾನ್ ಗ್ರೀನ್ ಬ್ರೇಡಿ ಮತ್ತು ಆಂಡ್ರ್ಯೂ ಬರ್ಕ್ ಎಂಬ ಇಬ್ಬರು ಹುಡುಗರಿದ್ದರು. ಬ್ರೇಡಿ ಹುಟ್ಟಿದುದು 1847ರಲ್ಲಿ, ಬರ್ಕ್ 1850ರಲ್ಲಿ. ಬ್ರೇಡಿಯ ತಾಯಿ ತೀರಿಕೊಂಡಿದ್ದಳು. ತಂದೆ ಕುಡಿತಕ್ಕೆ ಬಲಿಯಾಗಿದ್ದನು. ಮನೆ ಬಿಟ್ಟು ಬೀದಿಗೆ ಬಿದ್ದಿದ್ದ ಈ ಹುಡುಗನನ್ನು ಟಿಪ್ಟನ್ ಎಂಬ ಊರಿನ ನ್ಯಾಯಾಧೀಶ ಜಾನ್ ಗ್ರೀನ್ ತನ್ನ ಮನೆಗೆ ಕರೆದೊಯ್ದನು. ಇಡೀ ಗುಂಪಿನಲ್ಲಿ ಅತ್ಯಂತ ಭರವಸೆಯಿಲ್ಲದವನಂತೆ ಕಂಡ ಹುಡುಗನನ್ನೇ ಆರಿಸಿದೆನೆಂದೂ, ಇಂಥವನು ಏನಾಗಬಲ್ಲನೆಂಬುದನ್ನು ನೋಡುವ ಕುತೂಹಲ ತನಗಿದ್ದಿತೆಂದೂ ಆ ನ್ಯಾಯಾಧೀಶನು ಮುಂದೊಮ್ಮೆ ಹೇಳಿಕೊಂಡಿದ್ದಾನೆ. ಉಳಿದವರು ತೋಳಿನ ಬಲ ನೋಡುತ್ತಿದ್ದ ಕಡೆ ಅವನೊಬ್ಬನು ಹೀಗೆ ಯೋಚಿಸಿದನೆಂಬುದು ಗಮನಾರ್ಹ.

ಬ್ರೇಡಿ ಹೊಲದಲ್ಲಿ ದುಡಿದನು. ಊರಿನ ಶಾಲೆಯಲ್ಲಿ ಓದಿದನು. ಬಳಿಕ ತಾನೇ ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಅನಂತರ ಪೆನ್ಸಿಲ್ವೇನಿಯಾದ ವೇನ್ಸ್‌ಬರ್ಗ್ ಕಾಲೇಜಿಗೂ, ಅಲ್ಲಿಂದ ಪ್ರಖ್ಯಾತವಾದ ಯೇಲ್ ವಿದ್ಯಾಲಯಕ್ಕೂ ಹೋಗಿ 1874ರಲ್ಲಿ ಪದವೀಧರನಾದನು. 1877ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಧರ್ಮಶಾಸ್ತ್ರದ ಶಿಕ್ಷಣ ಮುಗಿಸಿ, ಮರುವರ್ಷ ದೂರದ ಅಲಾಸ್ಕಾಕ್ಕೆ ತೆರಳಿದನು. 1897ರಿಂದ 1906ರವರೆಗೆ ಅವನು ಅಲಾಸ್ಕಾ ಪ್ರಾಂತದ ಗವರ್ನರನಾಗಿದ್ದನು. ಅವನ ಸಹಪ್ರಯಾಣಿಕ ಬರ್ಕ್ ಅಮೆರಿಕದ ಅಂತರ್ಯುದ್ಧದಲ್ಲಿ ನಗಾರಿ ಬಾರಿಸುವ ಹುಡುಗನಾಗಿ ಸೇವೆ ಸಲ್ಲಿಸಿ, ಇಂಡಿಯಾನಾದ ಆಸ್ಬರಿ ವಿದ್ಯಾಲಯದಲ್ಲಿ ಕೆಲಕಾಲ ಓದಿ, ಲೆಕ್ಕ ಬರೆಯುವ ಗುಮಾಸ್ತನಾಗಿಯೂ ಬ್ಯಾಂಕಿನ ಕ್ಯಾಷಿಯರನಾಗಿಯೂ ದುಡಿದು, 1891ರಿಂದ 1893ರವರೆಗೆ ನಾರ್ತ್ ಡಕೋಟ ರಾಜ್ಯದ ಗವರ್ನರನಾದನು. ಬೀದಿಯಿಂದ ಬಂದ ಇಬ್ಬರು ಹುಡುಗರು ಒಂದೇ ರೈಲಿನಿಂದ ಇಳಿದು ಎರಡು ಪ್ರಾಂತಗಳ ಆಡಳಿತ ನಡೆಸಿದರೆಂಬುದು ಕಥೆಯಂತೆ ತೋರಿದರೂ ಇತಿಹಾಸ.

ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಗವರ್ನರ್ ಪದವಿಯನ್ನು ಎತ್ತಿಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಅಂಕಿ ಮತ್ತೊಂದುಂಟು. ಬ್ರೇಡಿ ಯೇಲ್ ಪದವಿ ಪಡೆದಾಗ ಅವನಿಗೆ 27 ವರ್ಷ. ಹೊಲದ ಕೆಲಸ, ಉಪಾಧ್ಯಾಯ ವೃತ್ತಿ, ಮತ್ತೆ ಓದು ಎಂದು ಅವನ ವಿದ್ಯಾಭ್ಯಾಸ ನಿಂತು ನಿಂತು ಸಾಗಿತು. ಬಾಲ್ಯದಲ್ಲಿ ಕಳೆದುಕೊಂಡ ವರ್ಷಗಳನ್ನು ತುಂಬಿಕೊಳ್ಳಲು ಅಷ್ಟು ಕಾಲ ಬೇಕಾಯಿತು. ಹದಿನೆಂಟಕ್ಕೆ ಅವನ ಲೆಕ್ಕವನ್ನು ಮುಗಿಸಿಬಿಟ್ಟಿದ್ದರೆ ಖಾತೆಯಲ್ಲಿ ಒಬ್ಬ ಹೊಲದಾಳಿನ ಹೆಸರು ಮಾತ್ರ ಉಳಿಯುತ್ತಿದ್ದಿತು.

ಕಾನೂನು ಬಂದಿತು, ಕಾಲ ಕುಗ್ಗಿತು

ಒಬ್ಬ ನ್ಯಾಯಾಧೀಶನ ಸೌಜನ್ಯವನ್ನು ನಂಬಿ ಲಕ್ಷಾಂತರ ಮಕ್ಕಳನ್ನು ಬಿಡಲಾಗದು. 1909ರ ಜನವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ನಿರಾಶ್ರಿತ ಮಕ್ಕಳ ಪಾಲನೆಯನ್ನು ಕುರಿತು ಒಂದು ಸಮ್ಮೇಳನ ಕರೆದನು. ಬಡತನವೊಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಅಗಲಿಸಬಾರದು, ಅಗಲಿಸಲೇಬೇಕಾದರೆ ಸಂಸ್ಥೆಗಿಂತ ಕುಟುಂಬವೇ ಮೇಲು ಎಂಬ ತತ್ತ್ವಗಳು ಅಲ್ಲಿ ಅಂಗೀಕೃತವಾದವು. 1912ರಲ್ಲಿ ಮಕ್ಕಳಿಗಾಗಿಯೇ ಕೇಂದ್ರ ಸರಕಾರದ ಒಂದು ಇಲಾಖೆ ಹುಟ್ಟಿತು. 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದಿತು. 1961ರಿಂದ ಸಾಕುಮನೆಗಳ ವೆಚ್ಚಕ್ಕೆ ಕೇಂದ್ರದ ಹಣ ಸೇರತೊಡಗಿತು. 1980ರ ಕಾಯ್ದೆ ಈ ವ್ಯವಸ್ಥೆಗೆ ಒಂದು ಸುಭದ್ರ ಚೌಕಟ್ಟನ್ನು ಕೊಟ್ಟಿತು.

ಆದರೆ ಈ ನಡುವೆ ಒಂದು ವಿಚಿತ್ರ ನಡೆಯಿತು. 1971ರಲ್ಲಿ ಅಮೆರಿಕದ ಸಂವಿಧಾನದ 26ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಅದನ್ನನುಸರಿಸಿ ಬಹುತೇಕ ರಾಜ್ಯಗಳು ಪ್ರಾಪ್ತವಯಸ್ಸನ್ನೂ 18ಕ್ಕೆ ಇಳಿಸಿದವು. ವಿಯೆಟ್ನಾಂ ಯುದ್ಧಕ್ಕೆ ಹೋಗಬೇಕಾದ ಯುವಕರಿಗೆ ಮತದ ಹಕ್ಕಿರಬೇಕೆಂಬ ವಾದ ನ್ಯಾಯವಾದದ್ದೇ. ಆದರೆ ಸಾಕುಮನೆಯ ಹುಡುಗನಿಗೆ ಅದೇ ಹಕ್ಕು ಮೂರು ವರ್ಷಗಳ ಆಶ್ರಯದ ನಷ್ಟವಾಗಿ ಪರಿಣಮಿಸಿತು. 1980ರ ಕಾಯ್ದೆಯಂತೆ ಕೇಂದ್ರದ ಹಣ 18ಕ್ಕೆ ನಿಲ್ಲುತ್ತಿದ್ದಿತು. ಪ್ರೌಢಶಾಲೆಯನ್ನು ಮುಗಿಸುವಂತಿದ್ದರೆ ಮಾತ್ರ 19ರವರೆಗೆ ವಿನಾಯಿತಿ ಇದ್ದಿತು. ಅಂದರೆ ಪ್ರೌಢಶಾಲೆಯ ಬಾಗಿಲವರೆಗೆ ಸರಕಾರವು ಕೈಹಿಡಿದು ನಡೆಸಿ, ಕಾಲೇಜಿನ ಬಾಗಿಲು ಕಾಣುವ ಹೊತ್ತಿಗೆ ಕೈಬಿಡುತ್ತಿದ್ದಿತು. ಕಾಲೇಜಿಗೆ ಅರ್ಜಿ ಹಾಕುವ ಕಾಲ, ಮನೆ ಖಾಲಿಮಾಡುವ ಕಾಲ ಎರಡೂ ಒಂದೇ ಆದವು.

ಇದರ ಫಲ ಬೇಗನೆ ಬೀದಿಯಲ್ಲಿ ಕಾಣಿಸಿಕೊಂಡಿತು. 1980ರ ದಶಕದಲ್ಲಿ ನ್ಯೂಯಾರ್ಕಿನ ನಿರಾಶ್ರಿತರ ತಂಗುದಾಣಗಳಲ್ಲಿ ಸಾಕುಮನೆಗಳಿಂದ ಆಗತಾನೇ ಹೊರಬಿದ್ದ ಯುವಕರು ಕಂಡುಬಂದು, ಆ ವಿಷಯ ನ್ಯಾಯಾಲಯದವರೆಗೂ ಹೋಯಿತು. 1986ರಲ್ಲಿ ಕೇಂದ್ರ ಶಾಸನಸಭೆಯು 16 ವರ್ಷ ಮೀರಿದ ಸಾಕುಮಕ್ಕಳಿಗೆ ಸ್ವತಂತ್ರ ಜೀವನದ ತರಬೇತಿ ಕೊಡುವ ಕಾರ್ಯಕ್ರಮವನ್ನು ಮಂಜೂರು ಮಾಡಿತು. ಅಡುಗೆ, ಉಳಿತಾಯ, ಉದ್ಯೋಗಕ್ಕೆ ಅರ್ಜಿ ಬರೆಯುವುದು ಮುಂತಾದುವನ್ನು ಕಲಿಸಲಾಯಿತು. ಈ ಶಿಕ್ಷಣ ಒಳ್ಳೆಯದೇ. ಆದರೆ ಈಜು ಕಲಿಸಿದವನು ದಡದಲ್ಲಿ ನಿಲ್ಲಲೂಬೇಕಷ್ಟೆ.

ಛೇಫಿ ಕಾಯ್ದೆ ಮತ್ತು ಕಾಲೇಜಿನ ಹಣ

ರೋಡ್ ಐಲೆಂಡ್ ರಾಜ್ಯದ ಸೆನೆಟರ್ ಜಾನ್ ಛೇಫಿ ಈ ಕೊರತೆಯನ್ನು ಕುರಿತು ಶಾಸನಸಭೆಯಲ್ಲಿ ಶ್ರಮಿಸಿದವನು. 1999ರ ಅಕ್ಟೋಬರ್‌ನಲ್ಲಿ ಅವನು ನಿಧನನಾದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದ ಕಾಯ್ದೆಯ ಕಾರ್ಯಕ್ರಮಕ್ಕೆ ಅವನ ಹೆಸರನ್ನೇ ಇಡಲಾಯಿತು. ವಾರ್ಷಿಕ ಅನುದಾನವು 7 ಕೋಟಿ ಡಾಲರುಗಳಿಂದ 14 ಕೋಟಿಗೆ, ಅಂದರೆ ಎರಡರಷ್ಟಕ್ಕೆ ಏರಿತು. 18 ದಾಟಿ 21 ತುಂಬದವರ ವಸತಿ ಮತ್ತು ಊಟಕ್ಕೂ ಅನುದಾನದ ಶೇಕಡಾ 30ರವರೆಗೆ ಬಳಸಲು ರಾಜ್ಯಗಳಿಗೆ ಅನುಮತಿ ದೊರೆಯಿತು. ಹದಿನೆಂಟು ದಾಟಿದವನಿಗೂ ಊಟ ಬೇಕೆಂಬ ಸರಳ ಸತ್ಯವನ್ನು ಕಾನೂನಿನ ಪುಸ್ತಕಕ್ಕೆ ಏರಿಸಲು ಇಷ್ಟು ಕಾಲ ಹಿಡಿಯಿತು.

ಇದರ ಮುಂದಿನ ಹೆಜ್ಜೆಯಾಗಿ 2001ರ ತಿದ್ದುಪಡಿಯು ಸಾಕುಮನೆಯ ಹಿನ್ನೆಲೆಯುಳ್ಳ ವಿದ್ಯಾರ್ಥಿಗೆ ಕಾಲೇಜು ಅಥವಾ ವೃತ್ತಿಶಿಕ್ಷಣಕ್ಕಾಗಿ ವರ್ಷಕ್ಕೆ 5,000 ಡಾಲರುಗಳವರೆಗೆ ನೆರವು ಕೊಡಲು ಅವಕಾಶ ಮಾಡಿತು. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ಅದಕ್ಕೂ ಮೊದಲೇ ತಮ್ಮ ಸರಕಾರಿ ಕಾಲೇಜುಗಳಲ್ಲಿ ಇಂಥವರ ಬೋಧನಾಶುಲ್ಕವನ್ನು ಮನ್ನಾ ಮಾಡಿದ್ದವು. ಬಡ ವಿದ್ಯಾರ್ಥಿಗಳಿಗೆಲ್ಲ ದೊರೆಯುವ ಪೆಲ್ ಅನುದಾನವೂ ಇದ್ದಿತು. ಹೀಗೆ ಇಪ್ಪತ್ತೊಂದನೆಯ ಶತಮಾನದ ಆರಂಭದ ವೇಳೆಗೆ, ಹಣವೊಂದೇ ಅಡ್ಡಿಯಾಗಿದ್ದರೆ, ಆ ಅಡ್ಡಿ ಬಹುಪಾಲು ಸರಿದಿರಬೇಕಾಗಿತ್ತು.

ಅಂಕಿಗಳು ಹೇಳಿದ ಸತ್ಯ

ಹಾಗಾಗಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಸಂಶೋಧನ ಕೇಂದ್ರದವರು 2002ರಲ್ಲಿ ಇಲಿನಾಯ್, ವಿಸ್ಕಾನ್ಸಿನ್ ಮತ್ತು ಅಯೋವಾ ರಾಜ್ಯಗಳ 732 ಮಂದಿ ಸಾಕುಮಕ್ಕಳನ್ನು ಅವರ 17-18ನೆಯ ವಯಸ್ಸಿನಲ್ಲಿ ಸಂದರ್ಶಿಸಿ, 26ನೆಯ ವಯಸ್ಸಿನವರೆಗೆ ಅವರ ಜೀವನವನ್ನು ಅನುಸರಿಸಿ ನೋಡಿದರು. ಮೊದಲ ಸಂದರ್ಶನದಲ್ಲಿ ಬಹುಪಾಲು ಹುಡುಗ ಹುಡುಗಿಯರು ತಮಗೆ ಕಾಲೇಜಿಗೆ ಹೋಗುವ ಆಸೆಯಿದೆಯೆಂದೇ ಹೇಳಿದ್ದರು. 26ನೆಯ ವಯಸ್ಸಿಗೆ ಎರಡು ಅಥವಾ ನಾಲ್ಕು ವರ್ಷಗಳ ಪದವಿ ಪಡೆದಿದ್ದವರು ನೂರಕ್ಕೆ ಸುಮಾರು 8 ಮಂದಿ. ಅದೇ ವಯಸ್ಸಿನ ಇತರ ಯುವಜನರಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 46.

ಈ ಅಧ್ಯಯನದಲ್ಲಿಯೇ ಮತ್ತೊಂದು ಮಹತ್ತ್ವದ ಅಂಶ ಬೆಳಕಿಗೆ ಬಂದಿತು. ಮೂರು ರಾಜ್ಯಗಳಲ್ಲಿ ಇಲಿನಾಯ್ ಮಾತ್ರ 21 ವರ್ಷ ತುಂಬುವವರೆಗೆ ಪಾಲನೆಯಲ್ಲಿ ಉಳಿಯಲು ಯುವಜನರಿಗೆ ಅವಕಾಶ ಕೊಡುತ್ತಿದ್ದಿತು. ಉಳಿದೆರಡರಲ್ಲಿ ಸಾಮಾನ್ಯವಾಗಿ 18ಕ್ಕೆ ಬಿಡುಗಡೆ. ಇಲಿನಾಯ್ ಯುವಜನರು ಕಾಲೇಜಿಗೆ ಸೇರಿ ಕನಿಷ್ಠ ಒಂದು ವರ್ಷವನ್ನಾದರೂ ಪೂರೈಸುವ ಸಂಭವ ಸ್ಪಷ್ಟವಾಗಿ ಹೆಚ್ಚಾಗಿದ್ದಿತು. ಬುದ್ಧಿಯಲ್ಲಿ, ಆಸೆಯಲ್ಲಿ ಅವರು ಇತರರಿಗಿಂತ ಭಿನ್ನರಾಗಿರಲಿಲ್ಲ. ಅವರಿಗೆ ಮೂರು ವರ್ಷಗಳ ಕಾಲ ತಲೆಯ ಮೇಲೊಂದು ಸೂರು ಹೆಚ್ಚಾಗಿ ದೊರೆಯಿತು, ಅಷ್ಟೆ.

ಈ ತಿಳಿವು ಶಾಸನದಲ್ಲಿಯೂ ಪ್ರತಿಫಲಿಸಿತು. 2008ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ ಕಾಯ್ದೆಯು 21ರವರೆಗೆ ಪಾಲನೆಯನ್ನು ಮುಂದುವರಿಸುವ ರಾಜ್ಯಗಳಿಗೆ ಕೇಂದ್ರದ ಹಣ ಕೊಡಲು ಒಪ್ಪಿತು. ಯುವಕನು ಓದುತ್ತಿರಬೇಕು, ಇಲ್ಲವೇ ತಿಂಗಳಿಗೆ ಕನಿಷ್ಠ 80 ಗಂಟೆ ದುಡಿಯುತ್ತಿರಬೇಕು, ಇಲ್ಲವೇ ಉದ್ಯೋಗದ ತರಬೇತಿಯಲ್ಲಿರಬೇಕು. ಅನಾರೋಗ್ಯದಿಂದ ಅಶಕ್ತನಾದವನಿಗೆ ಈ ನಿಬಂಧನೆಯಿಲ್ಲ. 2010ರ ಆರೋಗ್ಯ ಕಾಯ್ದೆಯು ಇವರಿಗೆ 26 ವರ್ಷದವರೆಗೆ ಸರಕಾರಿ ವೈದ್ಯಕೀಯ ವಿಮೆಯನ್ನು ಒದಗಿಸಿತು. 2018ರ ಕಾಯ್ದೆಯು ಕಾಲೇಜಿನ ನೆರವನ್ನೂ, ಒಟ್ಟು ಐದು ವರ್ಷ ಮೀರದಂತೆ, 26ರವರೆಗೆ ಪಡೆಯಬಹುದೆಂದಿತು. ಯೇಲ್ ಪದವಿಯ ದಿನ ಬ್ರೇಡಿಗಿದ್ದ ವಯಸ್ಸನ್ನು ಕಾನೂನು ಹೆಚ್ಚುಕಡಿಮೆ ಮುಟ್ಟಲು 144 ವರ್ಷಗಳು ಬೇಕಾದವು.

ಸಣ್ಣ ಕಾಗದಗಳು, ದೊಡ್ಡ ಅಡ್ಡಿಗಳು

ಕಾಯ್ದೆಗಳ ಜೊತೆಗೆ ಕಾಲೇಜುಗಳೂ ಕೆಲವು ವಿಷಯಗಳನ್ನು ಅನುಭವದಿಂದ ಕಲಿತವು. ಅವು ನೋಡಲು ಅಲ್ಪವಾದರೂ ಪರಿಣಾಮದಲ್ಲಿ ಅಲ್ಪವಲ್ಲ.

ಮೊದಲನೆಯದು ಅರ್ಜಿಯ ಪ್ರಶ್ನೆ. ಅಮೆರಿಕದಲ್ಲಿ ಕಾಲೇಜಿನ ಧನಸಹಾಯಕ್ಕೆ ಸಲ್ಲಿಸುವ ಅರ್ಜಿಯಲ್ಲಿ ತಂದೆತಾಯಿಗಳ ಆದಾಯವನ್ನು ತುಂಬಬೇಕು. ತಂದೆ ಎಲ್ಲಿರುವನೆಂದೇ ತಿಳಿಯದ ಹುಡುಗಿ ಆ ಕೋಷ್ಟಕದಲ್ಲಿ ಏನನ್ನು ಬರೆಯಬೇಕು? ಆ ಒಂದು ಪುಟದಲ್ಲಿಯೇ ಪೆನ್ನು ಕೆಳಗಿಟ್ಟವರು ಎಷ್ಟೋ ಮಂದಿ. 2007ರ ಕಾಯ್ದೆಯು 13 ವರ್ಷ ತುಂಬಿದ ಬಳಿಕ ಯಾವಾಗಲಾದರೂ ಅನಾಥರಾಗಿದ್ದ, ಪೋಷಕ ಆರೈಕೆಯಲ್ಲಿದ್ದ ಅಥವಾ ನ್ಯಾಯಾಲಯದ ರಕ್ಷಣೆಯಲ್ಲಿದ್ದ ವಿದ್ಯಾರ್ಥಿಯನ್ನು ಸ್ವತಂತ್ರನೆಂದು ಪರಿಗಣಿಸಿತು. ಅಂಥವರಿಗೆ ತಂದೆತಾಯಿಗಳ ಆದಾಯದ ಪ್ರಶ್ನೆಯೇ ಇಲ್ಲವಾಯಿತು.

ಎರಡನೆಯದು ದಾಖಲೆಗಳು. ಒಂದು ಸಾಕುಮನೆಯಿಂದ ಮತ್ತೊಂದಕ್ಕೆ ಹೋಗುವಾಗ ಶಾಲೆಯೂ ಬದಲಾಗುತ್ತದೆ. ಒಂದು ಶಾಲೆಯಲ್ಲಿ ಅರ್ಧ ಓದಿದ ಪಾಠಕ್ಕೆ ಇನ್ನೊಂದು ಶಾಲೆಯಲ್ಲಿ ಅಂಕ ದೊರೆಯದೆ, ಪ್ರೌಢಶಾಲೆ ಮುಗಿಸುವುದೇ ತಡವಾಗುತ್ತದೆ. 2013ರಲ್ಲಿ ಜಾರಿಗೆ ಬಂದ ಕಾಯ್ದೆಯು ಮಕ್ಕಳ ಪಾಲನಾ ಇಲಾಖೆಗೆ ಶಾಲಾ ದಾಖಲೆಗಳನ್ನು ವಿಳಂಬವಿಲ್ಲದೆ ಪಡೆಯುವ ಅಧಿಕಾರ ಕೊಟ್ಟಿತು. 2014ರ ಕಾಯ್ದೆಯಂತೆ, ಪಾಲನೆಯಿಂದ ಹೊರಹೋಗುವ ಯುವಕನ ಕೈಗೆ ಜನನ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಚೀಟಿ, ವೈದ್ಯಕೀಯ ದಾಖಲೆ ಮತ್ತು ಗುರುತಿನ ಚೀಟಿಗಳನ್ನು ಕೊಟ್ಟೇ ಕಳುಹಿಸಬೇಕು.

ಮೂರನೆಯದು ರಜೆ. ಕ್ರಿಸ್‌ಮಸ್ ಬಂದಿತೆಂದರೆ ಅಮೆರಿಕದ ಕಾಲೇಜು ವಸತಿಗೃಹಗಳಿಗೆ ಬೀಗ ಬೀಳುತ್ತಿದ್ದಿತು. ಎಲ್ಲರೂ ಮನೆಗೆ ಹೋಗುತ್ತಾರೆಂಬುದು ಆಡಳಿತದವರ ಭಾವನೆ. ಮನೆಯೇ ಇಲ್ಲದವನು ಎಲ್ಲಿಗೆ ಹೋಗಬೇಕೆಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫುಲ್ಲರ್ಟನ್ ಕೇಂದ್ರವು 1998ರಲ್ಲಿ ಗಾರ್ಡಿಯನ್ ಸ್ಕಾಲರ್ಸ್ ಎಂಬ ಯೋಜನೆಯನ್ನು ಆರಂಭಿಸಿ, ವಿದ್ಯಾರ್ಥಿವೇತನದ ಜೊತೆಗೆ ವರ್ಷವಿಡೀ ವಸತಿಯನ್ನೂ ಮಾರ್ಗದರ್ಶಕರನ್ನೂ ಒದಗಿಸಿತು. ಇದನ್ನು ನೋಡಿ ಹಲವು ಕಾಲೇಜುಗಳು ಅದೇ ಹಾದಿ ಹಿಡಿದವು. ಮಿಷಿಗನ್ ರಾಜ್ಯದ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯವು 2008ರಲ್ಲಿ ಇಂಥದೇ ಯೋಜನೆಯೊಂದನ್ನು ತೆರೆದು, ಜಾನ್ ಸೀಟ ಎಂಬಾತನ ಹೆಸರನ್ನಿಟ್ಟಿತು. ಆತ ಸಾಕುಮನೆಗಳಲ್ಲಿ ಬೆಳೆದು, ಅದೇ ವಿಶ್ವವಿದ್ಯಾಲಯದಲ್ಲಿ ಮೂರು ಪದವಿಗಳನ್ನು ಪಡೆದ ವಿದ್ವಾಂಸ. ಮೊದಲ ಅನಾಥರ ರೈಲು ನಿಂತ ಡೊವಾಜ್ಯಾಕ್ ಕೂಡ ಅದೇ ರಾಜ್ಯದ ನೈರುತ್ಯ ಭಾಗದಲ್ಲಿದೆಯೆಂಬುದು ಕಾಕತಾಳೀಯವಾದರೂ ಅರ್ಥಪೂರ್ಣ.

ಆಯ್ಕೆ ಯಾರದು?

ನೆರವು ನೀಡುವವನ ಮನಸ್ಸಿನಲ್ಲಿ ಒಂದು ಸೂಕ್ಷ್ಮವಾದ ದೋಷ ಸೇರಿಕೊಳ್ಳುವುದುಂಟು. ಅನ್ನವಿಟ್ಟವನು ತಾನಾದುದರಿಂದ ದಾರಿಯನ್ನೂ ತಾನೇ ನಿಶ್ಚಯಿಸಬೇಕೆಂದು ಅವನು ಭಾವಿಸುತ್ತಾನೆ. ಹುಡುಗನಿಗೆ ಚಿತ್ರಕಲೆಯಲ್ಲಿ ಮನಸ್ಸಿದ್ದರೆ, ಬೇಗ ಸಂಬಳ ತರುವ ಕೆಲಸ ಕಲಿಯೆಂದು ಒತ್ತಾಯಿಸುತ್ತಾನೆ. ಉಪಕಾರದ ಭಾರದಿಂದ ತಲೆತಗ್ಗಿದ ಹುಡುಗ ಒಲ್ಲೆನೆನ್ನಲಾರ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಸ್ವಾತಂತ್ರ್ಯದ ಹೆಸರಿನಲ್ಲಿ ಎಲ್ಲವನ್ನೂ ಅವನಿಗೇ ಬಿಟ್ಟು ದೂರ ನಿಲ್ಲುವುದು. ಹಾದಿಯೇ ಕಾಣದವನಿಗೆ ಇಷ್ಟ ಬಂದ ಹಾದಿ ಹಿಡಿಯೆನ್ನುವುದು.

2014ರ ಕಾಯ್ದೆ ಇವೆರಡರ ನಡುವೆ ಒಂದು ಮಾರ್ಗವನ್ನು ಸೂಚಿಸಿದೆ. 14 ವರ್ಷ ತುಂಬಿದ ಸಾಕುಮಗುವಿನ ಭವಿಷ್ಯದ ಯೋಜನೆಯನ್ನು ಆ ಮಗುವಿನೊಡನೆ ಸಮಾಲೋಚಿಸಿಯೇ ರಚಿಸಬೇಕು. ಆ ಸಭೆಗೆ ತನಗೆ ವಿಶ್ವಾಸವುಳ್ಳ ಇಬ್ಬರನ್ನು ಆರಿಸಿ ಕರೆತರುವ ಹಕ್ಕು ಮಗುವಿಗಿದೆ. ಹದಿನಾಲ್ಕರಲ್ಲಿ ಆರಂಭಿಸಿದರೆ ಹದಿನೆಂಟರವರೆಗೆ ನಾಲ್ಕು ವರ್ಷಗಳ ಕಾಲಾವಕಾಶವಿರುತ್ತದೆ. ಯಾವ ವಿಷಯ ಕಠಿಣವಾಗಿದೆ, ಯಾವುದರಲ್ಲಿ ಒಲವಿದೆ, ಎರಡು ವರ್ಷಗಳ ಸಮುದಾಯ ಕಾಲೇಜು ಹಿತವೋ ನಾಲ್ಕು ವರ್ಷಗಳ ವಿಶ್ವವಿದ್ಯಾಲಯವೋ, ವಸತಿಗೃಹ ರಜೆಯಲ್ಲಿ ತೆರೆದಿರುತ್ತದೆಯೋ, ಒಡಹುಟ್ಟಿದವರು ಇರುವ ಊರು ಎಷ್ಟು ದೂರ, ಶುಲ್ಕ ಕಳೆದು ಕೈಗೆ ಉಳಿಯುವುದೆಷ್ಟು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಕುಳಿತು ವಿಚಾರಿಸಬಹುದು. ಸೇರುವ ಮೊದಲು ಕಾಲೇಜನ್ನು ಒಮ್ಮೆ ಕಣ್ಣಾರೆ ತೋರಿಸಬಹುದು. ಹಾಸಿಗೆ, ಹೊದಿಕೆ, ಮುಂಗಡ ಹಣ, ಬ್ಯಾಂಕ್ ಖಾತೆಗಳನ್ನು ಮೊದಲೇ ಅಣಿಮಾಡಬಹುದು. ತಂದೆತಾಯಿಯರು ತಮ್ಮ ಮಕ್ಕಳಿಗೆ ಯೋಚಿಸದೆಯೇ ಮಾಡುವ ಕೆಲಸಗಳಿವು. ತಂದೆತಾಯಿಯರಿಲ್ಲದ ಕಡೆ ಇವನ್ನು ಯಾರಾದರೂ ಯೋಚಿಸಿ ಮಾಡಬೇಕು.

ಭಾರತದ ಸಂದರ್ಭ

ಈ ಇತಿಹಾಸ ದೂರದೇಶದ್ದಾದರೂ, ಹದಿನೆಂಟರ ಹೊಸ್ತಿಲು ಭಾರತದ ಕಾನೂನಿನಲ್ಲಿಯೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 44ನೆಯ ವಿಧಿ ಪೋಷಕ ಆರೈಕೆಗೆ ಅವಕಾಶ ಮಾಡುತ್ತದೆ. 46ನೆಯ ವಿಧಿಯು 18 ತುಂಬಿ ಪಾಲನಾ ಸಂಸ್ಥೆಯಿಂದ ಹೊರಹೋಗುವವರಿಗೆ ಧನಸಹಾಯ ನೀಡಬಹುದೆನ್ನುತ್ತದೆ. 2016ರ ಮಾದರಿ ನಿಯಮಗಳು ಈ ಅನುಪಾಲನೆಯನ್ನು 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ವಿಸ್ತರಿಸಿವೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಕೋವಿಡ್ ಸಾಂಕ್ರಾಮಿಕದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಘೋಷಿತವಾದ ಪಿ.ಎಂ. ಕೇರ್ಸ್ ಯೋಜನೆಯು 18ರಿಂದ 23ರವರೆಗೆ ಮಾಸಿಕ ನೆರವನ್ನೂ, 23 ತುಂಬಿದಾಗ 10 ಲಕ್ಷ ರೂಪಾಯಿಗಳನ್ನೂ ಗೊತ್ತುಪಡಿಸಿದೆ. ಹದಿನೆಂಟಕ್ಕೆ ಲೆಕ್ಕ ಮುಗಿಯದೆಂಬ ತಿಳಿವು ಇಲ್ಲಿಯೂ ಮೂಡಿದೆಯೆಂಬುದಕ್ಕೆ ಇವು ಸಾಕ್ಷಿ.

ಆದರೆ ಕಾನೂನು ಕೊಡಬಲ್ಲದು ಹಣವನ್ನು ಮಾತ್ರ. ಕರ್ನಾಟಕದಲ್ಲಿ ದ್ವಿತೀಯ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿ ಸಿ.ಇ.ಟಿ. ಪ್ರವೇಶಕ್ಕೆ ವ್ಯಾಸಂಗದ ಪ್ರಮಾಣಪತ್ರ, ಆದಾಯ ಮತ್ತು ಜಾತಿಯ ಪ್ರಮಾಣಪತ್ರಗಳನ್ನು ಹುಡುಕಿ ಅಲೆಯಬೇಕಾದದ್ದು ಸರಿಯಾಗಿ ಆ ಹದಿನೆಂಟನೆಯ ವಯಸ್ಸಿನಲ್ಲಿಯೇ. ಆಗ ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಬರುವವರೊಬ್ಬರು ಬೇಕು. ಕಾಲೇಜುಗಳ ಪಟ್ಟಿ ಮುಂದಿಟ್ಟುಕೊಂಡು ಕೂರುವವರೊಬ್ಬರು ಬೇಕು. ಮೊದಲ ಪರೀಕ್ಷೆಯಲ್ಲಿ ಸೋತಾಗ, ಪರವಾಗಿಲ್ಲ, ಮತ್ತೆ ಬರೆ ಎನ್ನುವವರೊಬ್ಬರು ಬೇಕು. ಮಂದಿರಗಳ ಟ್ರಸ್ಟುಗಳೂ ದಾನಿಗಳ ಕುಟುಂಬಗಳೂ ನಡೆಸುವ ವಿದ್ಯಾರ್ಥಿನಿಲಯಗಳಿಗೆ ಈ ಕಾರ್ಯ ಹೊಸದೇನಲ್ಲ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ನಿಲಯದಲ್ಲಿರುವವರ ಪೈಕಿ ಹೋಗಲು ಮನೆಯೇ ಇಲ್ಲದವರು ಎಷ್ಟು ಮಂದಿ? ದೀಪಾವಳಿಯ ಹಾಗೂ ಬೇಸಗೆಯ ರಜೆಯಲ್ಲಿ ಅವರ ಕೋಣೆಗೆ ಬೀಗ ಬೀಳುತ್ತದೆಯೇ? ಅರ್ಜಿಯಲ್ಲಿ ತಂದೆಯ ಹೆಸರು, ತಂದೆಯ ರುಜು ಎಂದಿರುವ ಕಡೆ ಅವರಿಗೆ ದಾರಿಯೇನು? ಶುಲ್ಕ ಕಟ್ಟಿದ ರಸೀತಿಯ ಬಳಿಕ ಅವರನ್ನು ಹೆಸರು ಹಿಡಿದು ವಿಚಾರಿಸುವವರು ಯಾರು?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಲು ದೊಡ್ಡ ನಿಧಿಯ ಅಗತ್ಯವಿಲ್ಲ. ಕಾರ್ಯಕಾರಿ ಸಮಿತಿಯ ಒಬ್ಬ ಸದಸ್ಯನು ಒಬ್ಬ ವಿದ್ಯಾರ್ಥಿಯ ಹೊಣೆಯನ್ನು ಹೆಸರಿನೊಡನೆ ವಹಿಸಿಕೊಂಡು, ಅವನ ಪದವಿ ಮುಗಿಯುವವರೆಗೆ ಆ ಹೊಣೆಯನ್ನು ಮತ್ತೊಬ್ಬರಿಗೆ ದಾಟಿಸದಿದ್ದರೆ ಸಾಕು. ಸಮಿತಿಗಳು ಬದಲಾಗುತ್ತವೆ, ಅಧಿಕಾರಿಗಳಿಗೆ ವರ್ಗವಾಗುತ್ತದೆ. ಹುಡುಗನ ಪಾಲಿಗೆ ಆ ಒಬ್ಬರು ಮಾತ್ರ ಬದಲಾಗಬಾರದು. ಟಿಪ್ಟನ್ನಿನ ನ್ಯಾಯಾಧೀಶನು ಯಾವ ಕಾಯ್ದೆಯ ನೆರವೂ ಇಲ್ಲದ ಕಾಲದಲ್ಲಿ ಒಬ್ಬ ಹುಡುಗನಿಗೆ ತನ್ನ ಮನೆಯ ಬಾಗಿಲು ತೆರೆದನು. ಇಂದು ಕಾಯ್ದೆಗಳಿವೆ, ಅನುದಾನವಿದೆ, ನಿಲಯಗಳಿವೆ. ಹದಿನೆಂಟು ತುಂಬಿದ ಮರುದಿನವೂ ಆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಬೇಕಾಗಿದ್ದಾರೆ.